ಅಕ್ಕನ ಕಿಡ್ನಿ

“ನಿಮ್ಮ ತಮ್ಮನಿಗೆ ಮಾತ್ರೆ ಕೊಡ್ತಾ ಇರೋರು ಯಾರು?” ಎಂದು ಡಾಕ್ಟರ್ ಫೆರೂಜಾ ಅನ್ವರೋವ್ನಾ ಎರಡನೆಯ ಸಲ ಕೇಳಿದರು.

ಮುಕದ್ದಸ್ ಮೇಜಿನ ಮೇಲಿದ್ದ ರಕ್ತಪರೀಕ್ಷೆಯ ಕಾಗದವನ್ನೇ ನೋಡುತ್ತಿದ್ದಳು. ಅದರಲ್ಲಿ ಒಂದು ಅಂಕಿಯ ಸುತ್ತ ಕೆಂಪು ಪೆನ್ನಿನಲ್ಲಿ ಎರಡು ಸಲ ಗೀಚಿದ್ದರು. ಅಂಕಿ ಏನು ಹೇಳುತ್ತದೆಂದು ಅವಳಿಗೆ ತಿಳಿಯಲಿಲ್ಲ. ಎರಡು ಸಲ ಗೀಚಿದ್ದಾರೆಂದರೆ ಒಳ್ಳೆಯದಲ್ಲ ಎಂಬುದಷ್ಟೇ ತಿಳಿಯಿತು.

“ಯಾವ ಮಾತ್ರೆ ಡಾಕ್ಟ್ರೇ? ನರ್ಸ್ ಕೊಡೋದನ್ನ ಬಿಟ್ಟು ಅವನ ಬಾಯಿಗೆ ಇನ್ನೇನು ಹೋಗುತ್ತೆ? ಬೆಳಗ್ಗಿಂದ ಸಂಜೆವರೆಗೂ ನಾನೇ ಕಾವಲು ಕೂತಿರ್ತೀನಿ. ಒಂದು ನೊಣ ಕೂಡ ನನ್ನ ಕೇಳದೆ ಅವನ ಹತ್ರ ಹೋಗಲ್ಲ.”

“ನೊಣ ಹೋಗದೆ ಇರಬಹುದು. ಮಾತ್ರೆ ಹೋಗಿದೆ.”

ಫೆರೂಜಾ ಅನ್ವರೋವ್ನಾ ಮೆತ್ತಗೆ ಮಾತಾಡುವ ಹೆಂಗಸು. ಈ ಆರು ವಾರಗಳಲ್ಲಿ ಒಂದು ಸಲವೂ ದನಿ ಏರಿಸಿದವರಲ್ಲ. ಈಗ ಅವರ ಕತ್ತಿನ ನರ ಉಬ್ಬಿತ್ತು.

“ಆವತ್ತೇ ಬಿಡಿಸಿ ಹೇಳಿದ್ದೆ ನಿಮಗೆ. ಬೆನ್ನಿನ ಬೂಷ್ಟಿಗೆ ಔಷಧಿ ಶುರು ಮಾಡಿದ ಮೇಲೆ ಕಿಡ್ನಿ ಮಾತ್ರೆ ಮೈಯಿಂದ ಬೇಗ ಹೊರಗೆ ಹೋಗಲ್ಲ, ರಕ್ತದಲ್ಲೇ ಉಳ್ಕೊಳ್ಳುತ್ತೆ ಅಂತ. ಅದಕ್ಕೇ ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ವಿ. ಈಗ ನೋಡಿದ್ರೆ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇದೆ. ಎಲ್ಲಿಂದ ಬಂತು, ಆಕಾಶದಿಂದ ಉದುರ್ತಾ? ಅಷ್ಟು ಮಾತ್ರೆ ಆದ್ರೆ ಅದೇ ವಿಷ. ಅದೀಗ ಕೂತ್ಕೊಂಡು ನಿಮ್ಮ ಕಿಡ್ನಿಯನ್ನೇ ಸುಡ್ತಾ ಇದೆ.”

ನಿಮ್ಮ ಕಿಡ್ನಿ ಎಂದರು. ನಿಮ್ಮ ತಮ್ಮನ ಕಿಡ್ನಿ ಎನ್ನಲಿಲ್ಲ. ಮುಕದ್ದಸ್‌ಳ ಕೈ ತಾನಾಗಿಯೇ ಎಡಪಕ್ಕೆಗೆ ಹೋಯಿತು. ನಾಲ್ಕು ವರ್ಷದ ಹಿಂದೆ ತಮ್ಮನಿಗೆ ಕಿಡ್ನಿ ಕೊಟ್ಟಾಗ ಹಾಕಿದ ಹೊಲಿಗೆ ಅಲ್ಲಿತ್ತು.

“ಮತ್ತೆ ಬೆನ್ನು?” ಎಂದಳು.

“ಎರಡು ಮಣಿಯಲ್ಲಿದ್ದ ಬೂಷ್ಟು ಮೂರನೇದಕ್ಕೆ ಹೋಗಿದೆ. ಹೋಗದೆ ಏನು ಮಾಡುತ್ತೆ? ಮೈಯ ಕಾವಲನ್ನೇ ಆ ಮಾತ್ರೆ ಮಲಗಿಸಿಬಿಟ್ಟಿದೆ. ಮೊದಲೇ ಮೂಳೆಗೆ ರಕ್ತ ಕಮ್ಮಿ, ನಾವು ಕೊಡೋ ಔಷಧಿ ಅಲ್ಲಿಗೆ ಮುಟ್ಟೋದೇ ಕಷ್ಟ. ಇನ್ನೊಂದು ಮಣಿ ಕುಸಿದ್ರೆ ನರ ಒತ್ತಿ ಕಾಲು ಹೋಗುತ್ತೆ. ಆಪರೇಷನ್ ಮಾಡೋರನ್ನ ಕೇಳಿದೆ. ಚಹಾದಲ್ಲಿ ನೆಂದ ರಸ್ಕಿಗೆ ಮೊಳೆ ಹೊಡೆದ ಹಾಗೆ, ಸ್ಕ್ರೂ ನಿಲ್ಲಲ್ಲ ಅಂದ್ರು.” ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಉಳಿದಿರೋ ದಾರಿ ಒಂದೇ. ಕಿಡ್ನಿ ಮಾತ್ರೆ ಪೂರ್ತಿ ನಿಲ್ಲಿಸಬೇಕು. ಕಿಡ್ನಿ ಹೋಗುತ್ತೆ, ಮತ್ತೆ ರಕ್ತ ತೊಳೆಯೋ ಮೆಷಿನ್ನಿಗೆ ಹಾಕ್ತೀವಿ. ಕಾವಲು ಎದ್ದು ಕೂತ್ರೆ ಬೂಷ್ಟು ಅಲ್ಲಿಗೇ ನಿಲ್ಲಬಹುದು. ನಿಲ್ಲುತ್ತೆ ಅಂದಿಲ್ಲ, ನಿಲ್ಲಬಹುದು ಅಂದೆ.”

“ಅದಕ್ಕೆ ನಾನೇನು ಮಾಡಬೇಕು?”

“ಅವರು ಒಪ್ಪಿ ಸಹಿ ಹಾಕಬೇಕು. ಗುಟ್ಟಾಗಿ ನುಂಗೋದನ್ನ ನಿಲ್ಲಿಸಬೇಕು. ಆವತ್ತು ನಿಮ್ಮ ಮಾತು ಕೇಳಿ ನಾನೂ ಬಾಯಿ ಮುಚ್ಕೊಂಡೆ ನೋಡಿ, ಅದು ನನ್ನ ತಪ್ಪು. ಇವತ್ತು ನೀವು ಹೇಳ್ತೀರೋ, ನಾನು ಹೇಳಲೋ? ನಾಲ್ಕು ಗಂಟೆಗೆ ವಾರ್ಡಿಗೆ ಬರ್ತೀನಿ.”

ಮುಕದ್ದಸ್ ಎದ್ದು ನಿಂತಳು. ಸಾಮಾನ್ಯವಾಗಿ ಅವಳು ಯಾರಿಗೂ ಕೊನೆಯ ಮಾತನ್ನು ಬಿಟ್ಟುಕೊಡುವವಳಲ್ಲ. ಇವತ್ತು ಬಾಗಿಲ ಹಿಡಿಯನ್ನು ಹುಡುಕುವುದಕ್ಕೇ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮುಕದ್ದಸ್ ಯಾರೆಂದು ಅವಳ ಊರು ಮರ್ಗಿಲಾನಿನಲ್ಲಿ ಕೇಳಿದರೆ ಯಾರಾದರೂ ಹೇಳುತ್ತಾರೆ. ಮದುವೆಯ ರಜಾಯಿ ಹೊಲಿಸಬೇಕೆಂದರೆ ಅವಳ ಮನೆಗೇ ಹೋಗಬೇಕು. ಹೋದವರು ಬೈಸಿಕೊಳ್ಳದೆ ಬರುವುದಿಲ್ಲ. ಹತ್ತಿ ಹಸಿಯಾಗಿದೆ, ಬಟ್ಟೆ ಅಗ್ಗದ್ದು, ಹುಡುಗಿಯ ತಾಯಿಗೆ ಕಣ್ಣಿಲ್ಲ, ಹೀಗೆ. ಬೈದರೂ ಅವಳು ಹೊಲಿದ ರಜಾಯಿ ಮೂವತ್ತು ವರ್ಷ ಗಂಟು ಕಟ್ಟುವುದಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆಯಿಂದ ತಿರುಗಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಾಯಿ ಸತ್ತಾಗ ತಮ್ಮ ತೋಹಿರ್‌ಗೆ ಏಳು ವರ್ಷ, ಇವಳಿಗೆ ಹದಿನಾರು. ಅಂದಿನಿಂದ ಅವನಿಗೆ ಅಕ್ಕ, ಅಮ್ಮ, ಪೊಲೀಸು ಎಲ್ಲ ಇವಳೇ.

ತೋಹಿರ್ ರೊಟ್ಟಿ ಸುಡುವವನು. ಸೊಂಟದವರೆಗೆ ತಂದೂರಿನ ಬಾಯೊಳಗೆ ಬಗ್ಗಿ, ಕಾದ ಗೋಡೆಗೆ ರೊಟ್ಟಿ ಬಡಿದು ಏಳುವುದು ಅವನ ಕೆಲಸ. ಹಾಗಾಗಿ ಕಳೆದ ಚಳಿಗಾಲದಲ್ಲಿ ಬೆನ್ನು ನೋಯುತ್ತದೆಂದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೊಟ್ಟಿಯವನಿಗೆ ಬೆನ್ನು ನೋಯದೆ ಮೂಗು ನೋಯುತ್ತದೆಯೇ? ಮೂಳೆ ಕಟ್ಟುವ ಮುದುಕ ಕುರಿಯ ಬಾಲದ ಕೊಬ್ಬು ತಿಕ್ಕಿದ. ಇನ್ನೊಬ್ಬ ಬೆನ್ನಿಗೆ ಗಾಜಿನ ಬಟ್ಟಲು ಕವುಚಿ ಕೆಟ್ಟ ರಕ್ತ ಎಳೆದ. ವಸಂತದ ನವ್ರೂಜ್ ಹಬ್ಬದ ಹೊತ್ತಿಗೆ ತೋಹಿರ್ ನೆಟ್ಟಗೆ ನಿಲ್ಲಲಾರದೆ, ಎರಡು ಕೈಯಲ್ಲೂ ಗೋಡೆ ಹಿಡಿದು ನಡೆಯುವಂತಾಗಿದ್ದ. ತಾಷ್ಕೆಂಟಿನ ದೊಡ್ಡಾಸ್ಪತ್ರೆಗೆ ತಂದು, ಬೆನ್ನಿನ ಮಣಿಗೆ ಸೂಜಿ ಚುಚ್ಚಿ ನೋಡಿದರೆ ಒಳಗೆ ಬೂಷ್ಟು ಬೆಳೆದಿತ್ತು. ಗಟ್ಟಿ ಮೈಯವರಿಗೆ ಏನೂ ಮಾಡದ ಬೂಷ್ಟು. ಹಳೆಯ ಹುಲ್ಲಿನಲ್ಲಿ, ಪಾರಿವಾಳದ ಗೂಡಿನಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇರುವಂಥದು. ಬೇರೆಯವರ ಕಿಡ್ನಿ ಹಾಕಿಸಿಕೊಂಡು, ಅದನ್ನು ಮೈ ಹೊರಗೆ ತಳ್ಳದಿರಲೆಂದು ದಿನಾ ಮಾತ್ರೆ ನುಂಗುವವರಿಗೆ ಅದೇ ಮೃತ್ಯು. ಹಿಂದಿನ ಶರತ್ಕಾಲದಲ್ಲಿ ಹಿಟ್ಟಿನ ಕೋಣೆಯ ಹಳೆಯ ಜೊಂಡಿನ ಸೂರನ್ನು ತೋಹಿರ್ ತಾನೇ ಕೆಡವಿದ್ದ. ಅಲ್ಲಿಂದಲೇ ಬಂತೋ ಏನೋ, ಯಾರಿಗೆ ಗೊತ್ತು?

ರೋಗದ ಹೆಸರನ್ನು ರೋಗಿಯ ಮುಂದೆ ಆಡುವುದು ನಮ್ಮಲ್ಲಿಲ್ಲ. ಹೆಸರು ಕೇಳಿದರೇ ಅರ್ಧ ಜೀವ ಹೋಗುತ್ತದೆ. ತೋಹಿರ್‌ನ ತಂದೆ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಸತ್ತ. ಕೊನೆಯ ಉಸಿರಿನವರೆಗೂ ಅದು ಹುಳಿತೇಗೆಂದೇ ನಂಬಿದ್ದ. ಮುಕದ್ದಸ್ ಆವತ್ತು ಫೆರೂಜಾ ಅನ್ವರೋವ್ನಾರ ಕೈ ಹಿಡಿದುಕೊಂಡಿದ್ದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಅವನಿಗೆ ಹೇಳಬೇಡಿ. ಅವನದು ಹೂವಿನಂಥ ಮನಸ್ಸು. ಬೆನ್ನಿಗೆ ಥಂಡಿ ಹಿಡಿದಿದೆ, ಸೂಜಿ ಹಾಕ್ತಿದ್ದಾರೆ ಅಂತ ನಾನು ಹೇಳ್ಕೋತೀನಿ.” ಡಾಕ್ಟರು ಎರಡು ಸಲ ಬೇಡವೆಂದರು, ಮೂರನೆಯ ಸಲ ಸುಮ್ಮನಾದರು. ಹೀಗೆ ಆರು ವಾರ ಥಂಡಿಯ ಹೆಸರಿನಲ್ಲಿ ಕಳೆದಿದ್ದವು.

ಆಸ್ಪತ್ರೆಯ ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ ತೋಹಿರ್‌ನ ಹೆಂಡತಿ ಬರ್ನೋ ಕೂತಿದ್ದಳು. ವಾರಕ್ಕೊಮ್ಮೆ ಅವಳು ಮರ್ಗಿಲಾನಿನಿಂದ ಬೆಳಗಿನ ರೈಲಿಗೆ ಬರುತ್ತಿದ್ದಳು. ತೊಡೆಯ ಮೇಲೆ ಬಟ್ಟೆ ಸುತ್ತಿದ ಸಾರಿನ ಪಾತ್ರೆ. ಉದುರಿದ ಹಣ್ಣುಗಳಿಂದ ನೆಲವೆಲ್ಲ ನೇರಳೆ ಬಣ್ಣವಾಗಿತ್ತು.

“ಎದ್ದೇಳೇ ಮಹಾತಾಯಿ!” ಎಂದು ಮುಕದ್ದಸ್ ದೂರದಿಂದಲೇ ಕೂಗಿದಳು. ನಾಲ್ಕು ಜನ ತಿರುಗಿ ನೋಡಿದರು. “ನನ್ನ ತಮ್ಮನಿಗೆ ಏನು ತಿನ್ನಿಸ್ತಾ ಇದೀಯ ನೀನು?”

“ಮಾಸ್ತಾವಾ ಸಾರು ಅಕ್ಕಾ. ಉಪ್ಪು ಕಮ್ಮಿ ಹಾಕಿದೀನಿ, ನೀವೇ ಹೇಳಿದ್ರಲ್ಲ...”

“ಸಾರಿನ ಮಾತು ಯಾರು ಕೇಳಿದ್ರು? ಮಾತ್ರೆ! ಮನೆಯಿಂದ ಕಿಡ್ನಿ ಮಾತ್ರೆ ತಂದುಕೊಟ್ಟೋಳು ನೀನೇ ತಾನೆ? ಸುಳ್ಳು ಹೇಳಿದ್ರೆ ಇಲ್ಲೇ ಜುಟ್ಟು ಹಿಡಿದು ಎಳೀತೀನಿ.”

ಬರ್ನೋ ಸುಳ್ಳು ಹೇಳಲಿಲ್ಲ. ಅವಳ ಮುಖದಲ್ಲಿ ಭಯಕ್ಕಿಂತ ಬೆರಗು ಹೆಚ್ಚಾಗಿತ್ತು.

“ನಾನೇ ತಂದುಕೊಟ್ಟಿದ್ದು. ಕಪಾಟಿನಲ್ಲಿ ಎರಡು ತಿಂಗಳದ್ದು ಹೆಚ್ಚಿಗೆ ಇತ್ತಲ್ಲ, ತಗೊಂಡು ಬಾ ಅಂದ್ರು. ಆಸ್ಪತ್ರೇಲಿ ಮಾತ್ರೆ ಮುಗಿದಿದೆ, ಮೂರರಲ್ಲಿ ಒಂದು ಪಾಲು ಕೊಡ್ತಿದ್ದಾರೆ ಅಂದ್ರು. ಟೊಪ್ಪಿಗೆಯ ಅಸ್ತರಿನೊಳಗೆ ಇಟ್ಕೋತಾರೆ. ಯಾಕೆ, ಅದು ಅವರ ಮಾತ್ರೇನೇ ಅಲ್ವಾ ಅಕ್ಕಾ? ನಾಲ್ಕು ವರ್ಷದಿಂದ ನುಂಗ್ತಿರೋದೇ ಅಲ್ವಾ?”

“ನನ್ನ ಒಂದು ಮಾತು ಕೇಳಬಾರದಾಗಿತ್ತಾ?”

“ಕೇಳಿದ್ದೆ.” ಬರ್ನೋ ಪಾತ್ರೆಯನ್ನು ಬೆಂಚಿನ ಮೇಲಿಟ್ಟಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ನಾದಿನಿಯ ಎದುರು ಅವಳು ದನಿ ಎತ್ತಿದ್ದಿಲ್ಲ, ಈಗಲೂ ಎತ್ತಲಿಲ್ಲ. “ಇವರಿಗೆ ನಿಜವಾಗಿ ಏನಾಗಿದೆ ಅಂತ ಎರಡು ಸಲ ಕೇಳಿದೆ. ಬೆನ್ನಿಗೆ ಥಂಡಿ ಹಿಡಿದಿದೆ, ನಿನಗ್ಯಾಕೆ ದೊಡ್ಡವರ ಮಾತು, ಮಕ್ಕಳನ್ನ ನೋಡ್ಕೋ ಹೋಗು ಅಂದ್ರಿ. ಥಂಡಿ ಆದವರು ಕಿಡ್ನಿ ಮಾತ್ರೆ ನುಂಗಬಾರದು ಅಂತ ನನಗೆ ಹೇಗೆ ಗೊತ್ತಾಗಬೇಕು?”

ಮುಕದ್ದಸ್ ಬಾಯಿ ತೆರೆದಳು. ಬೈಗುಳ ಬರಲಿಲ್ಲ. ನಾಲಗೆ ತುದಿಯಲ್ಲೇ ಸದಾ ತಯಾರಿರುವ ಆ ಮಾತುಗಳೆಲ್ಲ ಎಲ್ಲಿ ಹೋದವೋ! ಕಳ್ಳನನ್ನು ಹುಡುಕಿಕೊಂಡು ಊರೆಲ್ಲ ಸುತ್ತಿ ತನ್ನ ಮನೆ ಬಾಗಿಲಿಗೇ ಬಂದು ನಿಂತಂತಾಯಿತು. ಅವಳು ಬೆಂಚಿನ ಮೇಲೆ ಕುಸಿದು ಕೂತಳು, ಹಣ್ಣು ನಜ್ಜಿ ಬಟ್ಟೆಗೆ ಕಲೆಯಾದದ್ದೂ ತಿಳಿಯಲಿಲ್ಲ.

“ಏನಾಗಿದೆ ಅಕ್ಕಾ ಅವರಿಗೆ?” ಎಂದು ಬರ್ನೋ ಮೂರನೆಯ ಸಲ ಕೇಳಿದಳು.

ಮುಕದ್ದಸ್ ಹೇಳಿದಳು. ಎಲ್ಲವನ್ನೂ ಹೇಳಿದಳು. ಬರ್ನೋ ಅಳಲಿಲ್ಲ, ಬೈಯಲಿಲ್ಲ. ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿಸಿಕೊಂಡಳು. ಕೊನೆಗೆ, “ನನ್ನ ಕೈಯಿಂದಲೇ ಕೊಟ್ಟೆನಲ್ಲ,” ಎಂದಳು. ಮುಕದ್ದಸ್‌ಗೆ ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ಬರ್ನೋ ಸಾರಿನ ಪಾತ್ರೆಯನ್ನು ಅವಳ ಕೈಗಿತ್ತು, “ನೀವೇ ಹೋಗಿ ಅಕ್ಕಾ. ನನ್ನ ಮುಖ ನೋಡಿದ್ರೆ ಅವರಿಗೆ ತಿಳಿದುಹೋಗುತ್ತೆ,” ಎಂದಳು.

ತೋಹಿರ್ ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿದ್ದ. ಎದೆಯಿಂದ ಸೊಂಟದವರೆಗೆ ಗಟ್ಟಿ ಪಟ್ಟಿ ಬಿಗಿದು, ತಲೆಯ ಕಡೆ ಮಂಚವನ್ನು ಸ್ವಲ್ಪ ಎತ್ತಿ ಮಲಗಿಸಿದ್ದರು. ತಲೆಯ ಮೇಲೆ ಕಪ್ಪು ಬಿಳಿ ಕಸೂತಿಯ ಚೌಕ ಟೊಪ್ಪಿಗೆ. ಮಲಗುವಾಗಲೂ ಇವನೇಕೆ ಇದನ್ನು ತೆಗೆಯುವುದಿಲ್ಲವೆಂದು ನರ್ಸುಗಳು ನಗುತ್ತಿದ್ದರು.

“ಬಾ ಅಕ್ಕಾ. ಡಾಕ್ಟರಮ್ಮ ಏನಂದ್ರು? ಈ ಆಸ್ಪತ್ರೆಯೋರು ಸೂಜಿ ಹಾಕುವಾಗ ಅಳಿಯನ ಥರ ಉಪಚಾರ ಮಾಡ್ತಾರೆ, ಊಟ ಮಾತ್ರ ಸೊಸೆಗೆ ಹಾಕಿದ ಹಾಗೆ ಹಾಕ್ತಾರೆ.”

ಅವನು ಚಹಾದ ಬಟ್ಟಲು ಎತ್ತಲು ಹೋದ. ಕೈ ಗಡಗಡ ನಡುಗಿ ಅರ್ಧ ಚಹಾ ಹೊದಿಕೆಗೆ ಚೆಲ್ಲಿತು. ಒಂದು ವಾರದಿಂದ ಹೀಗೆ ನಡುಗುತ್ತಿತ್ತು. ನಿಶ್ಶಕ್ತಿ ಎಂದುಕೊಂಡಿದ್ದಳು ಮುಕದ್ದಸ್. ದಿನವೂ ಕಾವಲು ಕೂತಿದ್ದವಳು ಮಾತ್ರೆಯ ವಿಷವನ್ನು ನಿಶ್ಶಕ್ತಿ ಎಂದುಕೊಂಡಿದ್ದಳು!

“ನೋಡು, ಈ ಕೈ ಹಿಟ್ಟಿನಲ್ಲಿಟ್ರೆ ಸಾಕು, ತಾನೇ ನಾದಿಕೊಳ್ಳುತ್ತೆ,” ಎಂದು ಅವನು ನಕ್ಕ.

“ಟೊಪ್ಪಿಗೆ ತೆಗಿ.”

ಅವನ ನಗು ನಿಂತಿತು. ಚಿಕ್ಕವನಿದ್ದಾಗ ಕಲ್ಲುಸಕ್ಕರೆ ಕದ್ದು ಸಿಕ್ಕಿಬಿದ್ದರೆ ಹೀಗೇ ಒಂದು ಕಣ್ಣು ಕಿರಿದು ಮಾಡುತ್ತಿದ್ದ.

“ಬರ್ನೋ ಹೇಳಿಬಿಟ್ಟಳಾ? ಅವಳ ಬಾಯಲ್ಲಿ ಒಂದು ಕಡಲೆ ನೆನೆಯಲ್ಲ. ಅವಳನ್ನ ಬೈಬೇಡ ಅಕ್ಕಾ, ನಾನೇ ತರಿಸಿದ್ದು.” ಟೊಪ್ಪಿಗೆ ತೆಗೆದು, ಅಸ್ತರಿನ ಹೊಲಿಗೆ ಬಿಚ್ಚಿದ ಕಡೆ ಬೆರಳು ಹಾಕಿ, ಮೂರು ಮಾತ್ರೆಪಟ್ಟಿಗಳನ್ನು ಹೊರಗೆಳೆದು ಹೊದಿಕೆಯ ಮೇಲಿಟ್ಟ. ಎರಡು ಖಾಲಿಯಾಗಿದ್ದವು. “ನಿನಗೆ ಗೊತ್ತಾದ್ರೆ ಆಸ್ಪತ್ರೆಯೋರ ಜೊತೆ ಜಗಳಕ್ಕೆ ನಿಲ್ತೀಯ, ಊರು ಒಂದು ಮಾಡ್ತೀಯ ಅಂತ ಸುಮ್ಮನಿದ್ದೆ. ನರ್ಸು ಮೂರರಲ್ಲಿ ಒಂದು ಪಾಲು ಕೊಡೋಕೆ ಶುರು ಮಾಡಿದಾಗ ಯಾಕಮ್ಮ ಅಂದೆ. ನಿಮ್ಮ ಅಕ್ಕನ್ನ ಕೇಳಿ ಅಂದಳು. ನಿನ್ನ ಕೇಳಿದ್ರೆ ನೀನು, ಕೊಟ್ಟಿದ್ದು ನುಂಗು, ತಲೆಹರಟೆ ಮಾಡಬೇಡ ಅಂದೆ. ಸರಿ, ಸ್ಟಾಕ್ ಮುಗಿದಿದೆ, ಪಾಪ ಹೇಳೋಕೆ ನಾಚಿಕೆ ಅಂದ್ಕೊಂಡೆ. ಮೊದಲಿನ ಲೆಕ್ಕದಲ್ಲೇ ನುಂಗಿದೀನಿ ಅಕ್ಕಾ. ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಒಂದು ದಿನ ತಪ್ಪಿಲ್ಲ. ರೊಟ್ಟಿ ಮುಟ್ಟಿ ಆಣೆ ಮಾಡಿದವನು ನಾನು, ತಪ್ಪಿಸ್ತೀನಾ?”

ಆ ಮಾತನ್ನು ಅವನು ಎಷ್ಟು ಹೆಮ್ಮೆಯಿಂದ ಹೇಳಿದನೆಂದರೆ ಮುಕದ್ದಸ್‌ಗೆ ಅವನನ್ನು ನೋಡಲಾಗಲಿಲ್ಲ. ನಾಲ್ಕು ವರ್ಷದ ಹಿಂದೆ, ಕಿಡ್ನಿ ಕೊಟ್ಟವಳೂ ತೆಗೆದುಕೊಂಡವನೂ ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ಬಗ್ಗಿ ಬಗ್ಗಿ ನಡೆಯುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಅವಳೇ ಅವನ ಅಂಗೈಯಲ್ಲಿ ರೊಟ್ಟಿಯ ತುಂಡಿಟ್ಟು, “ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಲ್ಲ ಅಂತ ಆಣೆ ಮಾಡು,” ಎಂದಿದ್ದಳು. “ತಪ್ಪಿಸಿದ್ರೆ ಈ ರೊಟ್ಟಿಯೇ ನನ್ನ ಹೊಡೀಲಿ,” ಎಂದಿದ್ದ. ಅದಾದ ಮೇಲೆ ಮದುವೆಗೆ ಹೋಗಲಿ, ಸಾವಿಗೆ ಹೋಗಲಿ, ಏಳು ಗಂಟೆಯಾದರೆ ಎದ್ದು ನೀರು ಹುಡುಕುತ್ತಿದ್ದ. ರೊಟ್ಟಿ ಸುಡುವವನಿಗೆ ಅದಕ್ಕಿಂತ ದೊಡ್ಡ ಆಣೆ ಇಲ್ಲ.

“ತೋಹಿರ್,” ಎಂದಳು. “ನಿನಗೆ ಆಗಿರೋದು ಥಂಡಿ ಅಲ್ಲ.”

ಅವಳು ನಿಂತುಕೊಂಡೇ ಹೇಳಿದಳು. ಕೂತರೆ ಅಳು ಬರುತ್ತದೆಂಬ ಹೆದರಿಕೆ. ಡಾಕ್ಟರು ಹೇಳಿದ್ದನ್ನು ಹಾಗೆ ಹಾಗೇ ಒಪ್ಪಿಸಿದಳು: ಬೆನ್ನಿನ ಮಣಿ, ಬೂಷ್ಟು, ಔಷಧಿ, ಮೂರರಲ್ಲಿ ಒಂದು ಪಾಲು ಏಕೆಂದು, ಹೆಚ್ಚಾದದ್ದು ಏನು ಮಾಡಿತೆಂದು. ಕಿಟಕಿಯ ಹೊರಗೆ ಯಾರೋ ಕಾರಿನ ಹಾರನ್ ಬಿಡದೆ ಒತ್ತುತ್ತಿದ್ದರು.

“ರೊಟ್ಟಿಗೆ ಬೂಷ್ಟು ಹಿಡಿಯೋದು ಕೇಳಿದೀನಿ,” ಎಂದ ತೋಹಿರ್, ಅದು ನಿಂತ ಮೇಲೆ. “ರೊಟ್ಟಿಯವನಿಗೇ ಹಿಡಿಯುತ್ತಾ?”

ಅವಳು ನಗಲಿಲ್ಲ. ಅವನೂ ನಗಲಿಲ್ಲ.

“ಅಂದ್ರೆ ನಾನು ನುಂಗಿದ್ದಕ್ಕೇ ನಿನ್ನ ಕಿಡ್ನಿ ಹೋಯ್ತಾ?”

“ನೀನು ನುಂಗಿದ್ದಕ್ಕಲ್ಲ ಕಣೋ. ನಾನು ಬಾಯಿ ಮುಚ್ಕೊಂಡಿದ್ದಕ್ಕೆ. ನನ್ನ ಬಾಯಿ! ಊರಿಗೆಲ್ಲ ಬಯ್ಯೋ ಬಾಯಿ, ನಿನ್ನ ಹತ್ರ ಒಂದು ನಿಜ ಹೇಳೋಕೆ ತೆರೀಲಿಲ್ಲ.” ಈಗ ಅವಳಿಗೆ ಅಳು ಬಂದೇಬಿಟ್ಟಿತು. ಮೂಗನ್ನು ತೋಳಿಗೆ ಒರೆಸಿಕೊಂಡಳು. “ಪೂರ್ತಿ ಹೋಗಿಲ್ಲ. ಅರ್ಧ ಹೋಗಿದೆ. ಈಗ ಉಳಿದಿದ್ದನ್ನೂ ಬಿಡಬೇಕಂತೆ. ಮಾತ್ರೆ ಪೂರ್ತಿ ನಿಲ್ಲಿಸಬೇಕು. ನಾಲ್ಕು ಗಂಟೆಗೆ ಡಾಕ್ಟ್ರು ಬರ್ತಾರೆ, ಸಹಿ ಹಾಕು.”

“ಹಾಕಲ್ಲ.”

“ಏನಂದೆ?”

“ಹಾಕಲ್ಲ ಅಂದೆ. ಎರಡು ವರ್ಷ ಮೆಷಿನ್ನಿನ ಪಕ್ಕ ಮಲಗಿದ್ದು ಮರೆತಿಲ್ಲ ಅಕ್ಕಾ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ. ಮನೆಗೆ ಬಂದ್ರೆ ಮಗು ಎತ್ಕೊಳ್ಳೋಕೂ ಕೈಲಾಗ್ತಿರಲಿಲ್ಲ. ಅದೂ ಹೋಗಲಿ. ಕಿಡ್ನಿ ನನ್ನದಾಗಿದ್ರೆ ಬಿಟ್ಟುಬಿಡ್ತಿದ್ದೆ. ನಿನ್ನ ಮೈ ಕೊಯ್ಸಿಕೊಂಡು ಕೊಟ್ಟಿದ್ದನ್ನ ನಾಯಿಗೆ ಎಸೆದ ಹಾಗೆ ಎಸೀಲಾ? ನೆರೆಮನೆಯೋರ ತಟ್ಟೆಯನ್ನೇ ನಾವು ಬರಿದಾಗಿ ವಾಪಸ್ ಕಳಿಸಲ್ಲ.”

“ಅಯ್ಯೋ ದಡ್ಡ ಮುಂಡೇದೆ, ತಟ್ಟೆಯ ಮಾತು ಆಡ್ತಾನಲ್ಲ! ಸಾಯ್ತೀಯ ನೀನು!” ಎಂದು ಮುಕದ್ದಸ್ ಕಿರುಚಿದಳು. ಬಾಗಿಲ ಸಂದಿಯಲ್ಲಿ ಒಬ್ಬ ನರ್ಸು ಇಣುಕಿ ಹೋದಳು. “ಸತ್ರೆ ನನ್ನ ಕಿಡ್ನಿ ಏನು ಬದುಕಿರುತ್ತಾ? ಅದೂ ನಿನ್ನ ಜೊತೆ ಮಣ್ಣಿಗೇ ಹೋಗುತ್ತೆ. ನನ್ನನ್ನ ಅರ್ಧ ಹೂಳ್ತೀಯಾ?”

ತೋಹಿರ್ ನಡುಗುವ ಒಂದು ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ಮುಕದ್ದಸ್ ಸಾರಿನ ಪಾತ್ರೆಯ ಗಂಟು ಬಿಚ್ಚಿದಳು, ಮತ್ತೆ ಕಟ್ಟಿದಳು. ಗೋಡೆಯ ಗಡಿಯಾರದಲ್ಲಿ ಮೂರೂಕಾಲು ಆಗಿತ್ತು.

“ಹಾಗಾದ್ರೆ ಹೇಳು,” ಎಂದ ಅವನು.

“ಏನು ಹೇಳಲಿ?”

“ಮನಸಾರೆ ಬಿಟ್ಟೆ ಅಂತ ಹೇಳು. ನೀನು ಬಾಯಿಬಿಟ್ಟು ಹೇಳಿದ್ರೆ ಸಹಿ ಹಾಕ್ತೀನಿ.”

ಆ ಮಾತು ನಮ್ಮಲ್ಲಿ ಯಾವಾಗೆಂದರೆ ಆವಾಗ ಆಡುವ ಮಾತಲ್ಲ. ಮೆಕ್ಕಾ ಯಾತ್ರೆಗೆ ಹೊರಟವರು ಕೇರಿಯವರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ: ನನ್ನ ಮೇಲೆ ನಿಮಗೇನೂ ದೂರಿಲ್ಲ ತಾನೆ, ಮನಸಾರೆ ಬಿಟ್ಟಿರಾ? ಯುದ್ಧಕ್ಕೆ ಹೋದ ಮಕ್ಕಳು ತಾಯಂದಿರನ್ನು ಕೇಳುತ್ತಿದ್ದರು. ಇನ್ನು ಕೇಳುವವರೆಂದರೆ ಸಾಯುವವರು. ಅಪ್ಪನ ತಲೆದೆಸೆಯಲ್ಲಿ ಕೂತು ಮುಕದ್ದಸ್ ಅದನ್ನು ಹೇಳಿದ್ದಳು. ಹೇಳಿ ಅರ್ಧ ಗಂಟೆಗೆ ಅಪ್ಪ ಹೋಗಿದ್ದ. ಆಮೇಲೆ ಇವತ್ತಿನವರೆಗೆ ಆ ಎರಡು ಪದ ಅವಳ ಬಾಯಿಂದ ಬಂದಿರಲಿಲ್ಲ.

“ಹೇಳಿದ ಹಾಗೇ ಅಂದ್ಕೋ,” ಎಂದಳು.

“ಹಾಗೆಲ್ಲ ಅಂದ್ಕೊಳ್ಳೋಕೆ ಬರಲ್ಲ.”

“ಸಹಿ ಹಾಕು, ಸಂಜೆ ಹೇಳ್ತೀನಿ.”

“ಅಕ್ಕಾ.”

“ಬೇಡ ಕಣೋ. ಅದೊಂದು ಮಾತು ಕೇಳಬೇಡ. ಬೇರೆ ಏನು ಬೇಕಾದ್ರೂ ಕೇಳು. ಇನ್ನೊಂದು ಕಿಡ್ನಿ ಇದೆ, ಅದನ್ನೂ ಕೇಳು.”

ಅವನು ಅವಳನ್ನೇ ನೋಡುತ್ತಿದ್ದ. ಮೂವತ್ತೇಳು ವರ್ಷದ ಗಂಡಸು, ಮೂರು ಮಕ್ಕಳ ತಂದೆ, ಏಳು ವರ್ಷದವನಾಗಿದ್ದಾಗ ತಾಯಿಯ ಹೆಣದ ಪಕ್ಕದಿಂದ ಇವಳನ್ನು ನೋಡಿದ ಕಣ್ಣುಗಳಲ್ಲೇ ನೋಡುತ್ತಿದ್ದ. ಹೇಳಿದರೆ ಬೀಳ್ಕೊಟ್ಟಂತೆ. ಹೇಳದಿದ್ದರೆ ಇವನು ಮಾತ್ರೆ ಬಿಡುವುದಿಲ್ಲ, ಮಾತ್ರೆ ಬಿಡದಿದ್ದರೆ ಬೂಷ್ಟು ಇವನನ್ನು ಬಿಡುವುದಿಲ್ಲ. ಎಂಥ ಪರಿಸ್ಥಿತಿಯಲ್ಲೂ ಒಂದು ದಾರಿ ಹುಡುಕಿ, ಸಿಗದಿದ್ದರೆ ಬೈದಾದರೂ ದಾರಿ ಮಾಡಿಕೊಳ್ಳುತ್ತಿದ್ದವಳು ಕೈಚೆಲ್ಲಿ ನಿಂತಳು.

“ಬಿಟ್ಟೆ,” ಎಂದಳು. ಎರಡೂ ಪದ ಸೇರಿಸಿ ಮತ್ತೆ ಹೇಳಿದಳು. “ಮನಸಾರೆ ಬಿಟ್ಟೆ. ನನ್ನ ಮೈಯಿಂದ ಕೊಟ್ಟಿದ್ದರ ಮೇಲೆ ನನಗೆ ಆಸೆ ಇಲ್ಲ, ನಿನ್ನ ಮೇಲೆ ದೂರಿಲ್ಲ. ಬಿಟ್ಟೆ.”

ತೋಹಿರ್ ಪ್ರಾರ್ಥನೆ ಮುಗಿಸಿದವನಂತೆ ಎರಡೂ ಅಂಗೈಗಳಿಂದ ಮುಖವನ್ನು ಮೇಲಿನಿಂದ ಕೆಳಗೆ ಸವರಿಕೊಂಡ. ಕೈ ನಡುಗಿ ಬೆರಳು ಕಣ್ಣಿಗೆ ತಾಗಿತು. ಆಮೇಲೆ ಉಳಿದಿದ್ದ ಒಂದು ಮಾತ್ರೆಪಟ್ಟಿಯನ್ನು ಅವಳ ಕಡೆ ದೂಡಿದ.

“ತಗೋ. ನೀನೇ ಡಾಕ್ಟರಮ್ಮನಿಗೆ ಕೊಡು,” ಎಂದ. ಅವನ ಮುಖ ಹಗುರಾಗಿತ್ತು. ಎಷ್ಟೋ ದಿನದ ಮೇಲೆ ಹಸಿವಾಗುತ್ತಿದೆ ಎಂದು ಸಾರು ಕೇಳಿದ. ಮುಕದ್ದಸ್ ಅವನಿಗೆ ಹತ್ತು ಚಮಚ ಸಾರು ಕುಡಿಸಿದಳು. ಹನ್ನೊಂದನೆಯದಕ್ಕೆ ಸಾಕೆಂದು ತಲೆ ತಿರುಗಿಸಿದ. ಅವಳಿಗೂ ಸ್ವಲ್ಪ ಉಸಿರು ಬಂದಂತಾಯಿತು. ಡಾಕ್ಟರು ನಿಲ್ಲಬಹುದು ಎಂದಿದ್ದರಲ್ಲ. ‘ಬಹುದು’ ಎಂದರೆ ಆಗುವುದಿಲ್ಲ ಎಂದಲ್ಲವಲ್ಲ. ಮೆಷಿನ್ನಿಗೆ ಮರ್ಗಿಲಾನಿನಲ್ಲೇ ವ್ಯವಸ್ಥೆಯಿದೆ. ವಾರಕ್ಕೆ ಮೂರು ದಿನ ತಾನೇ ಕರೆದುಕೊಂಡು ಹೋದರಾಯಿತು, ಪಕ್ಕದಲ್ಲಿ ಕೂತು ರಜಾಯಿ ಹೊಲಿದರಾಯಿತು.

“ಮೆಷಿನ್ನಿನ ದಿನ ಬಿಟ್ಟು ಬಾಕಿ ದಿನ ತಂದೂರಿನ ಹತ್ರ ಕೂತ್ಕೋಬಹುದು,” ಎಂದು ಅವನೂ ಅದೇ ದಾರಿಯಲ್ಲಿ ಹೊರಟಿದ್ದ. “ಬಗ್ಗೋಕೆ ಆಗದಿದ್ರೆ ಏನಾಯ್ತು? ಹಿಟ್ಟಿನ ಹದ ನೋಡೋಕೆ ಬೆನ್ನು ಬೇಕಾ? ಕುರ್ಚಿ ಹಾಕ್ಕೊಂಡು ಎಲ್ಲರಿಗೂ ಬೈತಾ ಕೂತ್ಕೋತೀನಿ. ಹೇಗೆ ಬಯ್ಯೋದು ಅಂತ ನೀನು ಹೇಳಿಕೊಡು.”

“ಅದಕ್ಕೆ ಬುದ್ಧಿ ಬೇಕು, ನಿನ್ನ ಕೈಲಾಗಲ್ಲ,” ಎಂದಳು ಮುಕದ್ದಸ್.

ಚೆಲ್ಲಿದ ಚಹಾದಿಂದ ಹೊದಿಕೆ ಒದ್ದೆಯಾಗಿತ್ತು. ಅದನ್ನು ಸರಿಸಿ ಒಣಗಿದ ಕಡೆಯನ್ನು ಮೇಲೆ ಹೊದಿಸಲು ಅವಳು ಮಂಚದ ಕಾಲ ಕಡೆಗೆ ಹೋದಳು. ಹೊದಿಕೆಯ ಕೆಳಗಿನಿಂದ ಅವನ ಪಾದಗಳು ಹೊರಗೆ ಬಂದವು. ಬಿಸಿಲು ಕಾಣದೆ ಬಿಳಿಚಿಕೊಂಡ ಪಾದಗಳು. ಅವನು ಹುಡುಗನಾಗಿದ್ದಾಗ ದಿನಾ ಬೆಳಗ್ಗೆ ಹೆಬ್ಬೆರಳು ಹಿಡಿದು ಜಗ್ಗಿ ಎಬ್ಬಿಸುತ್ತಿದ್ದಳು, ಅವನು ಕಣ್ಣು ಬಿಡುವ ಮೊದಲೇ ಒದೆಯುತ್ತಿದ್ದ. ಒಂದು ಸಲ ಆ ಒದೆಗೆ ಅವಳ ಮುಂದಿನ ಹಲ್ಲು ಅಲ್ಲಾಡಿಹೋಗಿತ್ತು. ನೆನೆದು ಅವಳಿಗೆ ನಗು ಬಂತು. ಹೆಬ್ಬೆರಳು ಹಿಡಿದು ಜಗ್ಗಿದಳು.

“ಶುಕ್ರವಾರ ಬರ್ನೋ ಬರುವಾಗ ಒಂದು ರೊಟ್ಟಿ ತರಲಿ,” ಎನ್ನುತ್ತಿದ್ದ ಅವನು ಸೂರಿನ ಕಡೆ ನೋಡುತ್ತ. “ನನ್ನ ಜಾಗದಲ್ಲಿ ಈಗ ಸುಡ್ತಿರೋನು ಅಂಚು ದಪ್ಪ ಬಿಡ್ತಾನೆ ಅಂತ ನನಗೆ ಅನುಮಾನ.”

ಮುಕದ್ದಸ್ ಮತ್ತೆ ಜಗ್ಗಿದಳು. ಬೆರಳನ್ನು ಹಿಂಡಿದಳು.

“ಅಂಚು ದಪ್ಪ ಆದ್ರೆ ಮಾರನೇ ದಿನಕ್ಕೆ ಕಲ್ಲಾಗುತ್ತೆ. ಬೆರಳಿನ ತುದಿಯಲ್ಲಿ ಒತ್ತಬೇಕು, ಅಂಗೈಯಿಂದಲ್ಲ. ಹತ್ತು ಸಲ ಹೇಳಿಕೊಟ್ಟಿದೀನಿ ಅವನಿಗೆ.”

ಅವಳು ಉಗುರು ಒತ್ತಿದಳು. ರಜಾಯಿಯ ದಪ್ಪ ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಉಗುರು. ಚರ್ಮದ ಮೇಲೆ ಅರ್ಧಚಂದ್ರದಂತೆ ಬಿಳಿಯ ಗುರುತು ಎದ್ದಿತು. ಇನ್ನೊಂದು ಕಾಲಿನ ಬೆರಳಿಗೂ ಒತ್ತಿದಳು. ಅದೂ ಅಲುಗಲಿಲ್ಲ.

“ಯಾಕೆ ಅಕ್ಕಾ ಸುಮ್ಮನಾದೆ?” ಎಂದ ತೋಹಿರ್. “ಎಲ್ಲಿದೀಯ?”

“ಇಲ್ಲೇ ಇದೀನಿ,” ಎಂದಳು ಮುಕದ್ದಸ್, ಎರಡೂ ಪಾದಗಳನ್ನು ಹಿಡಿದುಕೊಂಡು. “ನೀನು ಹೇಳು, ಕೇಳಿಸ್ಕೋತಾ ಇದೀನಿ.”